ಬೇತಾಳನ ಪ್ರಶ್ನೆಯೂ ಮುಸುಕಿನ ವೀರರೂ: ಮದರಾಸಿನ ಚಿತ್ರಕಥೆಯ ಚರಿತ್ರೆಯಲ್ಲಿ ಒಂದು ವಿಚಾರ

೧

ಚಿತ್ರಗಳ ಮೂಲಕ ಹೇಳುವ ಕಥೆ ಮಕ್ಕಳಿಗೆ ಸಲ್ಲುವಂಥದು, ಓದುಬರಹ ಬಲಿತ ಪ್ರೌಢರಿಗೆ ಅದು ತಕ್ಕುದಲ್ಲ ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿ ಬಹುಕಾಲ ನೆಲೆಸಿದ್ದಿತು. ಇಂದಿಗೂ ಅದು ಪೂರ್ತಿಯಾಗಿ ಅಳಿದಿದೆಯೆನ್ನುವಂತಿಲ್ಲ. ಆದರೆ ಕಳೆದ ನಾಲ್ಕು ದಶಕಗಳ ಪುಸ್ತಕಪ್ರಪಂಚದ ಚರಿತ್ರೆ ಈ ಅಭಿಪ್ರಾಯಕ್ಕೆ ವಿರುದ್ಧವಾಗಿಯೇ ಸಾಕ್ಷ್ಯ ನುಡಿಯುತ್ತದೆ. ೧೯೮೬-೮೭ರಲ್ಲಿ ಅಮೆರಿಕದ ಡಿ.ಸಿ. ಕಾಮಿಕ್ಸ್ ಸಂಸ್ಥೆ ಹನ್ನೆರಡು ಸಂಚಿಕೆಗಳಲ್ಲಿ ಹೊರತಂದ ‘ವಾಚ್‌ಮೆನ್’ ಎಂಬ ಚಿತ್ರಕಾದಂಬರಿ ಇದಕ್ಕೆ ಪ್ರಮುಖ ನಿದರ್ಶನ. ಇಂಗ್ಲೆಂಡಿನವರಾದ ಅಲನ್ ಮೂರ್ ಅದರ ಕಥೆಗಾರರು. ಡೇವ್ ಗಿಬ್ಬನ್ಸ್ ಚಿತ್ರಕಾರರು. ಬಣ್ಣ ತುಂಬಿದವರು ಜಾನ್ ಹಿಗ್ಗಿನ್ಸ್. ಒಂದು ಕಾಲದಲ್ಲಿ ಮುಸುಕು ಧರಿಸಿ ಅಪರಾಧಿಗಳನ್ನು ಹಿಡಿಯುತ್ತಿದ್ದ ವೀರರಲ್ಲಿ ಒಬ್ಬನ ಕೊಲೆಯಾಗುತ್ತದೆ; ಆ ಕೊಲೆಯ ರಹಸ್ಯವನ್ನು ಅವರಲ್ಲಿಯೇ ಇನ್ನೊಬ್ಬನು ಬೆನ್ನಟ್ಟುತ್ತಾನೆ. ಕಥೆಯ ಬೀಜ ಇಷ್ಟೆ. ೧೯೮೮ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಸಂದಿತು. ೨೦೦೫ರಲ್ಲಿ ‘ಟೈಮ್’ ಪತ್ರಿಕೆ ತಾನು ಆರಿಸಿದ ನೂರು ಇಂಗ್ಲಿಷ್ ಕಾದಂಬರಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು.

ಪ್ರೌಢರಾದ ಓದುಗರನ್ನು ಇಂತಹ ಕೃತಿ ಏತಕ್ಕಾಗಿ ಸೆಳೆಯುತ್ತದೆ? ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ಬಾಲ್ಯದ ಓದಿನ ನೆನಪು ಮೊದಲನೆಯದು. ರಕ್ತಪಾತದ ದೃಶ್ಯಗಳ ಚಪಲ ಎರಡನೆಯದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ಬಾಲ್ಯದ ನೆನಪನ್ನು ತಣಿಸಲು ಬಾಲ್ಯದ ಪುಸ್ತಕಗಳೇ ಸಾಕು. ರಕ್ತಪಾತಕ್ಕೆ ಸಿನಿಮಾ ಇದ್ದೇ ಇದೆ. ಈ ಎರಡು ಉತ್ತರಗಳಿಗೂ ನಿಲುಕದ ಒಂದು ಆಕರ್ಷಣೆ ಈ ಬಗೆಯ ಕೃತಿಗಳಲ್ಲಿದೆ. ಅದು ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಮದರಾಸಿನಲ್ಲಿ ಅಚ್ಚಾದ ಕನ್ನಡ ಪತ್ರಿಕೆಯೊಂದು ತಿಂಗಳು ತಿಂಗಳೂ ಅದನ್ನು ಕನ್ನಡಿಗರ ಮನೆಬಾಗಿಲಿಗೆ ತಂದುಕೊಡುತ್ತಿದ್ದಿತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಚಿತ್ರಕಥೆಯನ್ನು ಕುರಿತ ಶಂಕೆಯ ಮೂಲವನ್ನು ನೋಡುವುದು ಉಚಿತ. ೧೯೫೪ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು ಒಂದು ಪುಸ್ತಕ ಬರೆದು, ಕೊಲೆ ಸುಲಿಗೆಗಳ ಚಿತ್ರಕಥೆಗಳು ಎಳೆಯರನ್ನು ಕೆಡಿಸುತ್ತಿವೆಯೆಂದು ವಾದಿಸಿದರು. ಅದೇ ವರ್ಷ ಅಲ್ಲಿನ ಸೆನೆಟ್ಟಿನ ಉಪಸಮಿತಿಯೊಂದು ಈ ವಿಷಯದಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಸರಕಾರ ಕೈಹಾಕುವ ಮೊದಲೇ ಪ್ರಕಾಶಕರು ತಮ್ಮ ಮೇಲೆ ತಾವೇ ಒಂದು ಸಂಹಿತೆಯನ್ನು ವಿಧಿಸಿಕೊಂಡರು. ಅಪರಾಧಿಗೆ ಶಿಕ್ಷೆಯಾಗಲೇಬೇಕು, ಕೆಡುಕಿನ ಮೇಲೆ ಒಳಿತು ಗೆಲ್ಲಲೇಬೇಕು ಎಂಬುದು ಆ ಸಂಹಿತೆಯ ನಿಯಮಗಳಲ್ಲಿ ಒಂದು. ಕಥೆ ಹೀಗೆಯೇ ಮುಗಿಯಬೇಕೆಂದು ಮೊದಲೇ ಗೊತ್ತುಮಾಡಿದ ಮೇಲೆ, ಪ್ರೌಢನಾದವನು ಅದನ್ನು ಓದಲು ಕಾರಣವೇ ಉಳಿಯುವುದಿಲ್ಲ. ಚಿತ್ರಕಥೆ ಮಕ್ಕಳಿಗೆ ಮಾತ್ರ ಎಂಬ ಮಾತು ಆ ಸಂಹಿತೆಯ ಬಲದಿಂದ ಒಂದು ತಲೆಮಾರಿನ ಮಟ್ಟಿಗೆ ನಿಜವೇ ಆಯಿತು.

೧೯೫೫ರಲ್ಲಿ ಬ್ರಿಟನ್ನು ಇದೇ ಬಗೆಯ ಶಾಸನವನ್ನು ಮಾಡಿತು. ಅದರ ಮರುವರ್ಷವೇ ಭಾರತದ ಪಾರ್ಲಿಮೆಂಟು ಎಳೆಯರಿಗೆ ಹಾನಿಕರವಾದ ಪ್ರಕಟನೆಗಳನ್ನು ತಡೆಯುವ ೧೯೫೬ರ ಅಧಿನಿಯಮವನ್ನು ಅಂಗೀಕರಿಸಿತು. ಅಪರಾಧ, ಹಿಂಸೆ, ಕ್ರೌರ್ಯ, ಭೀಕರ ಘಟನೆಗಳನ್ನೇ ಮುಖ್ಯವಾಗಿ ಚಿತ್ರಿಸಿ ಎಳೆಯರ ಮನಸ್ಸನ್ನು ಕೆಡಿಸುವಂತಿರುವ ಕಥೆಗಳು, ಚಿತ್ರಗಳ ನೆರವಿನಿಂದ ಹೇಳಿದುವಾಗಲಿ, ಬರಿಯ ಚಿತ್ರಗಳಿಂದಲೇ ಹೇಳಿದುವಾಗಲಿ, ಅದರ ವ್ಯಾಪ್ತಿಗೆ ಬರುತ್ತಿದ್ದುವು. ಇಪ್ಪತ್ತು ವರ್ಷ ತುಂಬದವರೆಲ್ಲರೂ ಆ ಶಾಸನದ ಕಣ್ಣಿನಲ್ಲಿ ಎಳೆಯರು. ಕಾಲೇಜಿನಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಓದಿ ಪರೀಕ್ಷೆಗೆ ಕೂರಬಹುದಾದ ಹತ್ತೊಂಬತ್ತರ ಯುವಕನು ಕೊಲೆಯ ಚಿತ್ರಕಥೆಯ ವಿಷಯದಲ್ಲಿ ರಕ್ಷಣೆ ಬೇಕಾದ ಬಾಲಕನೆನಿಸಿದನು. ಚಿತ್ರದ ಬಗೆಗೆ ಆಗಿನ ವಿದ್ಯಾವಂತ ಸಮಾಜಕ್ಕೆ ಇದ್ದ ಭಯ ಎಷ್ಟೆಂಬುದನ್ನು ಈ ಒಂದು ಸಂಗತಿಯೇ ತಿಳಿಸುತ್ತದೆ.

೩

ಈ ಭಯದ ಕಾಲದಲ್ಲಿಯೇ ಮದರಾಸಿನಿಂದ ಕನ್ನಡ ‘ಚಂದಮಾಮ’ ಹೊರಡುತ್ತಿದ್ದಿತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ೧೯೪೭ರಲ್ಲಿ ತೆಲುಗು ಮತ್ತು ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ೧೯೪೯ರಲ್ಲಿ ಕನ್ನಡದಲ್ಲಿಯೂ ಪ್ರಕಟವಾಗತೊಡಗಿತು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತದೊಳಗೇ ಇದ್ದುವು. ಬಳ್ಳಾರಿ ೧೯೫೩ರಲ್ಲಿ, ದಕ್ಷಿಣ ಕನ್ನಡ ೧೯೫೬ರಲ್ಲಿ ಮೈಸೂರನ್ನು ಸೇರಿದುವು. ಆದುದರಿಂದ ಮದರಾಸಿನಲ್ಲಿ ಅಚ್ಚಾದ ಕನ್ನಡ ಪತ್ರಿಕೆ ಹೊರನಾಡಿನ ಪತ್ರಿಕೆಯೆಂದು ಆ ಜಿಲ್ಲೆಗಳ ಕನ್ನಡಿಗರಿಗೆ ತೋರಿರಲಾರದು. ಅದರ ಮೊದಲ ವರ್ಷಗಳ ಪ್ರಮುಖ ಚಿತ್ರಕಾರರಲ್ಲಿ ಒಬ್ಬರಾದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು, ಅವರು ಬರೆದ ಮಹಾಭಾರತದ ಮುಖಚಿತ್ರಗಳು ಪತ್ರಿಕೆಗೆ ವಿಶೇಷ ಕೀರ್ತಿಯನ್ನು ತಂದುವು. ೧೯೫೨ರಲ್ಲಿ ಸೇರಿದ ಕೆ.ಸಿ. ಶಿವಶಂಕರನ್ ಅವರು ‘ಶಂಕರ್’ ಎಂಬ ಹೆಸರಿನಲ್ಲಿ ಹಲವು ದಶಕಗಳ ಕಾಲ ಅಲ್ಲಿ ಚಿತ್ರ ಬರೆದು, ೨೦೨೦ರಲ್ಲಿ ತೀರಿಕೊಂಡರು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತಲೂ ಶ್ಮಶಾನದ ಕತ್ತಲೆ: ವಿಕ್ರಮ ಬೇತಾಳರ ಕಥೆಯ ಆ ಪ್ರಸಿದ್ಧ ಚಿತ್ರ ಶಂಕರರ ಕುಂಚದ್ದು.

‘ಚಂದಮಾಮ’ದ ಕಥೆಗಳು ಇಂದಿನ ಅರ್ಥದ ಚಿತ್ರಕಾದಂಬರಿಗಳಲ್ಲ, ಬರಹದ ಪಕ್ಕದಲ್ಲಿ ಚಿತ್ರವಿಟ್ಟು ಹೇಳಿದ ಕಥೆಗಳು. ಆದರೂ ಅಲ್ಲಿ ಚಿತ್ರವನ್ನು ಬಿಟ್ಟು ಕಥೆಯನ್ನು ನೆನೆಯುವುದು ಅಸಾಧ್ಯ. ಮಕ್ಕಳ ಪತ್ರಿಕೆಯೆಂದು ತರಿಸಿದರೂ ಮನೆಯ ಹಿರಿಯರು ಅದನ್ನು ಬಿಡದೆ ಓದುತ್ತಿದ್ದರು. ೧೯೫೨ರಿಂದ ೧೯೮೦ರವರೆಗೆ ಸಂಪಾದನೆಯ ಹೊಣೆ ಹೊತ್ತಿದ್ದ ತೆಲುಗು ಲೇಖಕ ಕೊಡವಟಿಗಂಟಿ ಕುಟುಂಬರಾಯರ ಕಾಲದಲ್ಲಿ ಬೇತಾಳನ ಕಥೆಗಳು ಮೂಲದ ಇಪ್ಪತ್ತೈದನ್ನು ದಾಟಿ, ಅದೇ ಚೌಕಟ್ಟಿನೊಳಗೆ ಹೊಸ ಹೊಸ ಕಥೆಗಳಾಗಿ ಬೆಳೆದುವು. ಕಥೆ ಬೇರೆಯಾದರೂ ಚೌಕಟ್ಟು ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಚೌಕಟ್ಟು ಬಹು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ತನ್ನ ‘ಕಥಾಸರಿತ್ಸಾಗರ’ದಲ್ಲಿಯೂ ಕ್ಷೇಮೇಂದ್ರನು ‘ಬೃಹತ್ಕಥಾಮಂಜರಿ’ಯಲ್ಲಿಯೂ ಇದನ್ನು ಹೇಳಿದ್ದಾರೆ. ಸಂನ್ಯಾಸಿಯೊಬ್ಬನಿಗೆ ಕೊಟ್ಟ ಮಾತಿಗಾಗಿ ಅರಸನು ಮರದಲ್ಲಿ ತೂಗುವ ಹೆಣವನ್ನು ಇಳಿಸಿ ಹೊತ್ತು ತರಬೇಕು. ಹೆಣದೊಳಗಿರುವ ಬೇತಾಳ ದಾರಿಯಲ್ಲಿ ಕಥೆ ಹೇಳಿ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಸಿಡಿಯುತ್ತದೆ. ಬಾಯಿಬಿಟ್ಟರೆ ಮೌನಭಂಗವಾಗಿ ಹೆಣ ಮತ್ತೆ ಮರವನ್ನು ಸೇರುತ್ತದೆ. ಬಲ್ಲವನಿಗೆ ಎರಡು ಕಡೆಯೂ ನಷ್ಟ. ಕೊನೆಯ ಪ್ರಶ್ನೆಗೆ ಅರಸನಿಗೆ ನಿಜವಾಗಿಯೂ ಉತ್ತರ ತೋಚುವುದಿಲ್ಲ. ಆಗ ಮಾತ್ರ ಅವನ ಮೌನ ನಿರ್ದೋಷವೆನಿಸುತ್ತದೆ. ಮೆಚ್ಚಿದ ಬೇತಾಳ ಒಂದು ರಹಸ್ಯವನ್ನು ಹೊರಗೆಡಹುತ್ತಾನೆ: ಸಂನ್ಯಾಸಿಯು ಅರಸನನ್ನೇ ಬಲಿಕೊಡಲು ಕಾದಿದ್ದಾನೆ. ಹೀಗೆ ಹೊರಕಥೆಯೇ ಒಂದು ಕೊಲೆಯ ಸಂಚು. ಹೆಣವನ್ನು ಹೊತ್ತು ನಡೆದವನೇ ಮುಂದಿನ ಹೆಣವಾಗಬೇಕಾಗಿದ್ದವನು. ಧರ್ಮದ ವೇಷ ಧರಿಸಿದವನೇ ಕೊಲೆಗಾರ.

ಒಳಗಿನ ಕಥೆಗಳಲ್ಲಿ ಒಂದನ್ನು ಇಲ್ಲಿ ಮುಖ್ಯವಾಗಿ ನೆನೆಯಬೇಕು. ಹರಿಸ್ವಾಮಿಯೆಂಬ ಬ್ರಾಹ್ಮಣ ಹಸಿದು ಬಂದು ಒಬ್ಬ ಗೃಹಿಣಿಯಿಂದ ಅನ್ನ ಪಡೆದು ಮರದಡಿಯಲ್ಲಿ ಇಡುತ್ತಾನೆ. ಮೇಲೆ ಕೊಂಬೆಯಲ್ಲಿ ಕುಳಿತ ಹದ್ದಿನ ಕಾಲಲ್ಲಿ ಸಿಕ್ಕಿ ಸಾಯುತ್ತಿರುವ ಹಾವಿನ ಬಾಯಿಂದ ವಿಷ ಜಾರಿ ಅನ್ನದಲ್ಲಿ ಬೀಳುತ್ತದೆ. ಉಂಡ ಬ್ರಾಹ್ಮಣ ಸಾಯುತ್ತಾನೆ. ಈ ಬ್ರಹ್ಮಹತ್ಯೆಯ ಪಾಪ ಯಾರಿಗೆ? ಹಾವು ಪರವಶವಾಗಿದ್ದಿತು, ಹದ್ದು ತನ್ನ ಆಹಾರವನ್ನು ತಿನ್ನುತ್ತಿದ್ದಿತು, ಅನ್ನವಿಕ್ಕಿದವರು ಪುಣ್ಯಕಾರ್ಯ ಮಾಡಿದರು. ಅರಸನ ತೀರ್ಪು ವಿಲಕ್ಷಣವಾದುದು: ವಿಚಾರ ಮಾಡದೆ ಇವರಲ್ಲಿ ಯಾರಾದರೊಬ್ಬರನ್ನು ಅಪರಾಧಿಯೆಂದು ಯಾವನು ಹೇಳುತ್ತಾನೋ, ಪಾಪ ಅವನಿಗೆ ತಟ್ಟುತ್ತದೆ. ಕೊಲೆಯಾಗಿದೆ, ಶಂಕಿತರಿದ್ದಾರೆ, ಸಾಕ್ಷ್ಯವಿದೆ. ಆದರೆ ಕೊನೆಯಲ್ಲಿ ಕಟಕಟೆಯಲ್ಲಿ ನಿಲ್ಲುವವನು ತೀರ್ಪುಕೊಡಲು ಆತುರಪಟ್ಟ ಕೇಳುಗ. ಪತ್ತೇದಾರಿ ಕಥೆಗಿಂತ ಬೇತಾಳನ ಕಥೆ ಒಂದು ಹೆಜ್ಜೆ ಮುಂದೆ ಹೋಗುವುದು ಇಲ್ಲಿಯೇ.

೪

ಪತ್ತೇದಾರಿ ಕಾದಂಬರಿ ಓದುಗನಿಗೆ ಒಂದು ಭರವಸೆಯನ್ನು ಕೊಡುತ್ತದೆ. ಕೊಲೆಯಿಂದ ಕದಡಿದ ಲೋಕ ಕೊಲೆಗಾರನ ಪತ್ತೆಯಿಂದ ತಿಳಿಯಾಗುವುದೆಂಬುದೇ ಆ ಭರವಸೆ. ೧೯೫೦ರ ದಶಕದಿಂದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನೇ ಮೊದಲಾದ ಪಾತ್ರಗಳನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದರು. ಕನ್ನಡ ಓದುವ ಅಭ್ಯಾಸವೇ ಇಲ್ಲದಿದ್ದ ಸಾಮಾನ್ಯ ಜನರಲ್ಲಿ ಆ ಅಭ್ಯಾಸವನ್ನು ಬೆಳೆಸಿದ ಶ್ರೇಯಸ್ಸಿನಲ್ಲಿ ಅವರದು ದೊಡ್ಡ ಪಾಲು. ಅವರ ಓದುಗರು ಬಯಸಿದ್ದು ಈ ಭರವಸೆಯನ್ನೇ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ನಗರಜೀವನ ಈ ಭರವಸೆಯನ್ನು ಸದಾ ನಡೆಸಿಕೊಡುವುದಿಲ್ಲ. ಮದರಾಸಿನ ಚರಿತ್ರೆಯಲ್ಲಿಯೇ ಇದಕ್ಕೆ ಪ್ರಸಿದ್ಧವಾದ ಉದಾಹರಣೆಯುಂಟು. ೧೯೪೪ರ ನವೆಂಬರಿನಲ್ಲಿ, ಸಿನಿಮಾ ನಟನಟಿಯರ ಖಾಸಗಿ ಬದುಕಿನ ವದಂತಿಗಳನ್ನು ಅಚ್ಚುಮಾಡುತ್ತಿದ್ದ ಪತ್ರಕರ್ತ ಲಕ್ಷ್ಮೀಕಾಂತನ್ ಅವರನ್ನು ವೇಪೇರಿಯಲ್ಲಿ ಇರಿಯಲಾಯಿತು. ಮರುದಿನ ಅವರು ತೀರಿಕೊಂಡರು. ತಮಿಳು ಚಿತ್ರರಂಗದ ಅತ್ಯಂತ ಜನಪ್ರಿಯ ನಾಯಕ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಅವರು ಆರೋಪಿಗಳಾಗಿ, ೧೯೪೫ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದರು. ಪ್ರಿವಿ ಕೌನ್ಸಿಲ್ಲಿನವರೆಗೆ ಹೋದ ಮೊಕದ್ದಮೆ ಮರಳಿ ಮದರಾಸಿನ ಹೈಕೋರ್ಟಿಗೆ ಬಂದು, ೧೯೪೭ರಲ್ಲಿ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಇವರು ಅಪರಾಧಿಗಳಲ್ಲವೆಂದು ನ್ಯಾಯಸ್ಥಾನ ಹೇಳಿತು. ಹಾಗಾದರೆ ಕೊಂದವರು ಯಾರೆಂಬುದು ಇತ್ಯರ್ಥವಾಗಲೇ ಇಲ್ಲ. ಬೆಳ್ಳಿತೆರೆಯ ಮೇಲೆ ದೇವರಂತೆ ಕಂಡವರನ್ನು ಕೈಕೋಳದಲ್ಲಿ ಕಂಡ ಜನ, ಅವರ ಬಿಡುಗಡೆಯ ನಂತರವೂ ಮೊದಲಿನ ಮುಗ್ಧತೆಯಿಂದ ಅವರನ್ನು ನೋಡಲಾಗಲಿಲ್ಲ. ಭಾಗವತರ ಮುಂದಿನ ಚಿತ್ರಗಳು ಹಿಂದಿನ ಯಶಸ್ಸನ್ನು ಪಡೆಯದೆ ಹೋದುವು. ವೀರನ ವೇಷದ ಹಿಂದೆ ಏನಿದೆಯೆಂಬ ಪ್ರಶ್ನೆಯನ್ನು ಮದರಾಸು ಯಾವ ಚಿತ್ರಕಾದಂಬರಿಯ ನೆರವೂ ಇಲ್ಲದೆ ತಾನೇ ಕೇಳಿಕೊಂಡಿದ್ದಿತು.

೫

ತಮಿಳು ನಾಡಿನಲ್ಲಿ ಚಿತ್ರಕಥೆ ಪ್ರೌಢರ ಓದಾಗಿ ಬೆಳೆದ ಬಗೆಯನ್ನು ಈಗ ನೋಡಬಹುದು. ೧೯೭೨ರಲ್ಲಿ ಶಿವಕಾಶಿಯ ಮುದ್ರಕರಾದ ಎಂ. ಸೌಂದರಪಾಂಡಿಯನ್ ಅವರು ‘ಮುತ್ತು ಕಾಮಿಕ್ಸ್’ ಎಂಬ ಮಾಲೆಯನ್ನು ಆರಂಭಿಸಿ, ಮೊದಲ ಸಂಚಿಕೆಯಾಗಿ ‘ಇರುಂಬುಕ್ಕೈ ಮಾಯಾವಿ’ಯನ್ನು, ಎಂದರೆ ಕಬ್ಬಿಣದ ಕೈಯ ಮಾಯಾವಿಯನ್ನು, ಪ್ರಕಟಿಸಿದರು. ೧೯೬೨ರಲ್ಲಿ ಬ್ರಿಟನ್ನಿನ ‘ವ್ಯಾಲಿಯಂಟ್’ ಪತ್ರಿಕೆಯಲ್ಲಿ ಹುಟ್ಟಿದ, ಸ್ಪೇನಿನ ಹೆಸುಸ್ ಬ್ಲಾಸ್ಕೊ ಚಿತ್ರಿಸಿದ ಕಥೆಯ ತಮಿಳು ರೂಪವಿದು. ಲೂಯಿ ಕ್ರಾಂಡೆಲ್ ಪ್ರಯೋಗಶಾಲೆಯ ಒಬ್ಬ ಸಹಾಯಕ. ಕಳೆದುಹೋದ ಕೈಗೆ ಬದಲಾಗಿ ಉಕ್ಕಿನ ಕೈ ಧರಿಸಿದವನು. ವಿದ್ಯುತ್ತು ಮೈಗೆ ಹರಿದಾಗ ಅವನ ದೇಹವೆಲ್ಲ ಮರೆಯಾಗಿ ಆ ಕೈಯೊಂದೇ ಕಾಣಿಸುತ್ತದೆ. ಶಕ್ತಿ ಬಂದ ಕೂಡಲೆ ಅವನು ಲೋಕರಕ್ಷಣೆಗೆ ಹೊರಡಲಿಲ್ಲ. ಮೊದಲು ಹಿಡಿದದ್ದು ಅಪರಾಧದ ದಾರಿಯನ್ನು. ಮುಂದೆ ಮಾತ್ರ ಅವನು ನ್ಯಾಯದ ಪಕ್ಷಕ್ಕೆ ಬಂದನು. ಶಕ್ತಿಗೂ ಸದ್ಗುಣಕ್ಕೂ ನಡುವೆ ಸಹಜವಾದ ಸಂಬಂಧವೇನೂ ಇಲ್ಲವೆಂಬುದನ್ನು ತಮಿಳು ಹುಡುಗರು ಈ ಮಾಯಾವಿಯಿಂದ ಕಲಿತರು.

೧೯೮೪ರಲ್ಲಿ ಅದೇ ಮನೆತನದ ಎಸ್. ವಿಜಯನ್ ಅವರು ‘ಲಯನ್ ಕಾಮಿಕ್ಸ್’ ಆರಂಭಿಸಿದರು. ಅದರಲ್ಲಿ ಪ್ರಸಿದ್ಧನಾದ ‘ಸ್ಪೈಡರ್’ ಕೂಡ ಮೊದಲು ಅಪರಾಧಲೋಕದ ಚಕ್ರವರ್ತಿಯಾಗಲು ಹೊರಟವನು, ಆಮೇಲೆ ಅಪರಾಧಿಗಳ ವೈರಿಯಾದವನು. ‘ಹದಿಮೂರು’ ಎಂಬ ಅಂಕಿಯನ್ನೇ ಹೆಸರಾಗಿ ಉಳ್ಳ ಬೆಲ್ಜಿಯಮಿನ ಚಿತ್ರಕಥೆಯೂ ಈ ಮಾಲೆಯಲ್ಲಿ ತಮಿಳಿಗೆ ಬಂದಿತು. ಅಧ್ಯಕ್ಷನೊಬ್ಬನ ಕೊಲೆಯ ಆರೋಪ ಹೊತ್ತವನು, ಸ್ಮೃತಿಯನ್ನು ಕಳೆದುಕೊಂಡು, ಕೊಂದವನು ತಾನೇ ಅಲ್ಲವೇ ಎಂದು ಹುಡುಕುತ್ತ ಹೋಗುವುದು ಅದರ ವಸ್ತು. ಅದರ ಹದಿನೆಂಟು ಭಾಗಗಳು ‘ರತ್ತ ಪ್ಪಡಲಂ’ ಎಂಬ ಹೆಸರಿನ ಒಂದೇ ಬೃಹತ್ ಸಂಪುಟವಾಗಿ ೨೦೧೦ರಲ್ಲಿ ಹೊರಬಂದುವು. ಇಂತಹ ಸಂಪುಟವನ್ನು ಕೊಳ್ಳುವವನು ಬಾಲಕನಲ್ಲ. ಒಂದು ಕಾಲದಲ್ಲಿ ಬಾಲಕನಾಗಿದ್ದವನು. ೧೯೭೭ರಿಂದ ನಡೆದುಬಂದಿರುವ ಚೆನ್ನೈ ಪುಸ್ತಕ ಪ್ರದರ್ಶನದಲ್ಲಿ ಈ ಮಾಲೆಗಳ ಮಳಿಗೆಯ ಮುಂದೆ ನಿಲ್ಲುವ ನಡುವಯಸ್ಸಿನವರು ಇದಕ್ಕೆ ಸಾಕ್ಷಿ. ಅವರ ಆಸಕ್ತಿ ನೆನಪಿನಿಂದ ಮೊದಲಾದರೂ ನೆನಪಿನಲ್ಲಿಯೇ ನಿಂತಿಲ್ಲ. ತಮ್ಮ ವಯಸ್ಸಿಗೆ ತಕ್ಕ ಹೊಸ ಕಥೆಗಳನ್ನು ಅವರು ಕೇಳಿ ಪಡೆದರು.

೬

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ವಾಚ್‌ಮೆನ್’ ಕೃತಿಯನ್ನು ನೋಡಿದರೆ ಅದರ ಆಕರ್ಷಣೆಯ ಸ್ವರೂಪ ಸ್ಪಷ್ಟವಾಗುತ್ತದೆ. ರೋಮಿನ ವಿಡಂಬನಕವಿ ಜುವೆನಲನು ಕಾವಲುಗಾರರ ಮೇಲಿನ ಕಾವಲನ್ನು ಕುರಿತು ಎತ್ತಿದ ಪ್ರಶ್ನೆಯಿಂದ ಅದರ ಹೆಸರು ಬಂದಿದೆ. ಕಥೆ ನಡೆಯುವುದು ೧೯೮೫ರ ನ್ಯೂಯಾರ್ಕಿನಲ್ಲಿ. ಅಣುಯುದ್ಧ ಇಂದೋ ನಾಳೆಯೋ ಎಂಬಂತಿರುವ ಕಾಲದಲ್ಲಿ. ಮುಸುಕಿನ ವೀರರನ್ನು ಕಾನೂನು ೧೯೭೭ರಲ್ಲಿಯೇ ನಿಷೇಧಿಸಿದೆ. ಅವರಲ್ಲಿ ನಿಜವಾದ ಅತಿಮಾನುಷ ಶಕ್ತಿಯುಳ್ಳವನು ಡಾಕ್ಟರ್ ಮ್ಯಾನ್‌ಹಟನ್ ಒಬ್ಬನೇ. ಉಳಿದವರು ವಯಸ್ಸಾಗುತ್ತಿರುವ, ಹೊಟ್ಟೆ ಬಂದಿರುವ, ಪಶ್ಚಾತ್ತಾಪ ಪಡುತ್ತಿರುವ ಸಾಮಾನ್ಯ ಮನುಷ್ಯರು. ‘ಕಾಮೆಡಿಯನ್’ ಎಂಬ ಹೆಸರಿನ ಎಡ್ವರ್ಡ್ ಬ್ಲೇಕ್‌ನನ್ನು ಯಾರೋ ಕಿಟಕಿಯಿಂದ ಕೆಳಗೆ ಎಸೆದು ಕೊಲ್ಲುತ್ತಾರೆ. ಕಾನೂನನ್ನು ಧಿಕ್ಕರಿಸಿ ಮುಸುಕು ತೆಗೆಯದೆ ಉಳಿದ ರೋರ್ಶಾಕ್ ಎಂಬವನು ಪತ್ತೆಗೆ ಹೊರಡುತ್ತಾನೆ.

ಪತ್ತೆಯ ಈ ಕಾರ್ಯದಲ್ಲಿ ಚಿತ್ರದ ಪಾತ್ರ ಬಹು ದೊಡ್ಡದು. ಪುಟವೊಂದಕ್ಕೆ ಒಂಬತ್ತು ಸಮಾನ ಚೌಕಗಳ ವಿನ್ಯಾಸವನ್ನು ಗಿಬ್ಬನ್ಸ್ ಬಹುಮಟ್ಟಿಗೆ ಪಾಲಿಸಿದ್ದಾರೆ. ಸಿನಿಮಾದಲ್ಲಿ ದೃಶ್ಯ ಪ್ರೇಕ್ಷಕನಿಗಾಗಿ ಕಾಯುವುದಿಲ್ಲ. ಇಲ್ಲಿ ಓದುಗ ನಿಲ್ಲಬಹುದು, ಹಿಂದಿನ ಪುಟಕ್ಕೆ ಮರಳಿ ಹೋಗಿ ಸಾಕ್ಷ್ಯವನ್ನು ಮತ್ತೆ ಪರೀಕ್ಷಿಸಬಹುದು. ಪ್ರಳಯ ಸಮೀಪಿಸಿತೆಂದು ಸಾರುವ ಫಲಕ ಹಿಡಿದ ಒಬ್ಬ ಕೆಂಗೂದಲಿನ ಮನುಷ್ಯ ಮೊದಲ ಪುಟದಿಂದಲೇ ಬೀದಿಯಲ್ಲಿ ಅಲೆಯುತ್ತಿರುತ್ತಾನೆ. ಓದುಗನು ಅವನನ್ನು ನೋಡಿಯೂ ನೋಡದಂತೆ ದಾಟಿ ಹೋಗುತ್ತಾನೆ. ಐದನೆಯ ಸಂಚಿಕೆಯ ಕೊನೆಯಲ್ಲಿ ಪೋಲೀಸರು ರೋರ್ಶಾಕನ ಮುಸುಕನ್ನು ಕಿತ್ತಾಗ ಕಾಣುವ ಮುಖ ಅದೇ! ಕಣ್ಣೆದುರಿಗಿದ್ದುದನ್ನು ಗಮನಿಸದೆ ಹೋದವನು ತಾನು ಎಂಬ ಅರಿವು ಓದುಗನಿಗೆ ಆಗ ಉಂಟಾಗುತ್ತದೆ. ಹರಿಸ್ವಾಮಿಯ ಕಥೆ ಕೇಳುಗನನ್ನು ಕಟಕಟೆಗೆ ತಂದಂತೆ, ಈ ಕಾದಂಬರಿ ನೋಡುಗನನ್ನು ತರುತ್ತದೆ.

ಆದರೆ ಬೇತಾಳನ ಚೌಕಟ್ಟಿಗೆ ಅದು ಅತ್ಯಂತ ಸಮೀಪವಾಗುವುದು ಕೊನೆಯ ಭಾಗದಲ್ಲಿ. ಕೊಲೆಗಾರನು ಅವರೊಳಗೇ ಒಬ್ಬನಾದ, ಲೋಕವೆಲ್ಲ ಮೆಚ್ಚುವ ಬುದ್ಧಿಶಾಲಿ ಏಡ್ರಿಯನ್ ವೈಟ್. ಅಣುಯುದ್ಧವನ್ನು ತಪ್ಪಿಸಲು ಅವನು ಹೂಡಿದ ಉಪಾಯ ಭಯಂಕರವಾದುದು. ಅನ್ಯಲೋಕದ ಜೀವಿಗಳು ಧಾಳಿಯಿಟ್ಟುವೆಂದು ನಂಬಿಸಿ, ನ್ಯೂಯಾರ್ಕಿನ ಲಕ್ಷಾಂತರ ಜನರನ್ನು ಕೊಂದು, ಆ ಭಯದಿಂದ ವೈರಿ ರಾಷ್ಟ್ರಗಳನ್ನು ಒಂದುಗೂಡಿಸುವುದು. ಸಂಚನ್ನು ಅರಿತ ಬ್ಲೇಕ್ ಸತ್ತದ್ದು ಆ ಕಾರಣಕ್ಕೆ. ವೀರರು ಸತ್ಯವನ್ನು ಕಂಡುಹಿಡಿಯುವ ಹೊತ್ತಿಗೆ ಸಂಹಾರ ಮುಗಿದಿದೆ, ಯುದ್ಧವೂ ನಿಂತಿದೆ. ಈಗ ನಿಜವನ್ನು ಹೇಳಿದರೆ ಶಾಂತಿ ಮುರಿಯುತ್ತದೆ. ಹೇಳದಿದ್ದರೆ ಲಕ್ಷಾಂತರ ಕೊಲೆಗಳಲ್ಲಿ ಪಾಲು ಪಡೆದಂತಾಗುತ್ತದೆ. ಇದು ವಿಕ್ರಮನ ಸಂಕಟವೇ. ಒಂದು ಹೆಣದ ಬದಲು ಒಂದು ನಗರದ ಹೆಣಗಳು ಹೆಗಲ ಮೇಲಿವೆ. ಉಳಿದವರು ಬಲ್ಲವರ ಮೌನವನ್ನು ಆರಿಸಿಕೊಳ್ಳುತ್ತಾರೆ. ರೋರ್ಶಾಕ್ ಒಬ್ಬನು ಮಾತ್ರ ಒಪ್ಪುವುದಿಲ್ಲ. ಡಾಕ್ಟರ್ ಮ್ಯಾನ್‌ಹಟನ್ ಅವನನ್ನು ಇಲ್ಲವಾಗಿಸುತ್ತಾನೆ. ಅವನ ದಿನಚರಿ ಮಾತ್ರ ಪತ್ರಿಕಾಲಯವೊಂದನ್ನು ಸೇರಿ, ಓದುವವರಿಗಾಗಿ ಕಾದಿರುತ್ತದೆ. ಹೆಣ ಮತ್ತೆ ಮರವನ್ನೇರುತ್ತದೆಯೋ ಇಲ್ಲವೋ ಎಂಬುದನ್ನು ಲೇಖಕರು ಹೇಳುವುದಿಲ್ಲ.

ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವುಂಟು. ಅದನ್ನು ಮರೆಸುವುದು ಸಲ್ಲದು. ಬೇತಾಳನ ಲೋಕದಲ್ಲಿ ತಿಳಿದೂ ಸುಮ್ಮನಿದ್ದವನ ತಲೆ ಸಿಡಿಯುತ್ತದೆ, ಧರ್ಮಕ್ಕೆ ಕಾವಲುಂಟು. ‘ವಾಚ್‌ಮೆನ್’ ಲೋಕದಲ್ಲಿ ತಿಳಿದೂ ಸುಮ್ಮನಿದ್ದವರು ಹೆಸರು ಬದಲಿಸಿಕೊಂಡು ಬದುಕುತ್ತಾರೆ, ಸುಮ್ಮನಿರಲಾರದವನೇ ಸಾಯುತ್ತಾನೆ. ರೋರ್ಶಾಕನನ್ನು ಆದರ್ಶಪುರುಷನೆಂದು ಲೇಖಕರು ನಿಲ್ಲಿಸಿಯೂ ಇಲ್ಲ. ಅವನು ಕ್ರೂರಿ, ದ್ವೇಷದಿಂದ ಕುರುಡಾದವನು. ಸತ್ಯವನ್ನು ಬಿಡದವನು ಇಂತಹವನಾಗಿ, ಸತ್ಯವನ್ನು ಬಿಟ್ಟವರು ಸೌಮ್ಯರಾದ ಸಜ್ಜನರಾಗಿರುವಾಗ, ಓದುಗನ ಮನಸ್ಸು ಯಾವ ಪಕ್ಷದಲ್ಲಿಯೂ ನೆಮ್ಮದಿಯಿಂದ ನಿಲ್ಲದು. ಯೌವನದಲ್ಲಿ ಇದನ್ನು ಓದಿದವನು ಕೊಲೆಗಾರ ಯಾರೆಂದು ತಿಳಿಯಲು ಓದುತ್ತಾನೆ. ಕಚೇರಿಯಲ್ಲಿ, ಕುಟುಂಬದಲ್ಲಿ, ಸಾರ್ವಜನಿಕ ಜೀವನದಲ್ಲಿ ಯಾವುದೋ ಒಂದು ನಿಜವನ್ನು ಬಲ್ಲವನಾಗಿಯೂ ನಾಲ್ಕು ಜನರ ಹಿತಕ್ಕೆಂದು ಬಾಯಿಮುಚ್ಚಿದ ಅನುಭವವುಳ್ಳವನು ಅದನ್ನು ಬೇರೆ ಬಗೆಯಾಗಿ ಓದುತ್ತಾನೆ. ಪ್ರೌಢರನ್ನು ಸೆಳೆಯುವ ಶಕ್ತಿ ಇರುವುದು ಈ ಎರಡನೆಯ ಓದಿನಲ್ಲಿ.

೭

ಕನ್ನಡಿಗರಿಗೆ ಈ ವಸ್ತು ಅಪರಿಚಿತವಲ್ಲ. ೧೨೦೯ರಲ್ಲಿ ಜನ್ನನು ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಕುರೂಪಿಯಾದ ಮಾವಟಿಗನಿಗೆ ಮನಸೋಲುತ್ತಾಳೆ, ಕಡೆಗೆ ಗಂಡನನ್ನೂ ಅತ್ತೆಯನ್ನೂ ವಿಷವಿಕ್ಕಿ ಕೊಲ್ಲುತ್ತಾಳೆ. ಕೊಲೆಗಾರ್ತಿ ಯಾರೆಂಬುದರಲ್ಲಿ ರಹಸ್ಯವೇನೂ ಇಲ್ಲ. ಆದರೆ ಕವಿ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿಸುವುದು ಕೊಲೆಗೀಡಾದ ತಾಯಿಮಕ್ಕಳನ್ನು. ಅವರು ಕಡಿದದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದರಷ್ಟೆ. ಕೊಲೆಗೀಡಾದವನೂ ಸಂಕಲ್ಪದಿಂದ ಕೊಲೆಗಾರನೇ ಎಂಬ ಈ ಕಠೋರವಾದ ವಿಚಾರ ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಕಾವ್ಯವಾಗಿದೆ. ದೇವಿಯ ಬಲಿಪೀಠದ ಮುಂದೆ ನಿಂತು ಹೇಳಿದ ಆ ಕಥೆಯಷ್ಟು ಕತ್ತಲೆಯ ವಸ್ತು ಇಂದಿನ ಯಾವ ಚಿತ್ರಕಾದಂಬರಿಗೂ ಕಡಮೆಯದಲ್ಲ.

ಮಾಧ್ಯಮದ ವಿಷಯದಲ್ಲಿಯೂ ಕನ್ನಡ ಹಿಂದೆ ಬಿದ್ದಿರಲಿಲ್ಲ. ‘ಅಮರ ಚಿತ್ರಕಥೆ’ಯ ಮೊಟ್ಟಮೊದಲ ಪುಸ್ತಕಗಳು ೧೯೬೫ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿಯೇ ಪ್ರಕಟವಾದುವೆಂಬುದು ಅನೇಕರಿಗೆ ತಿಳಿಯದ ಸಂಗತಿ. ಅನಂತ ಪೈಯವರ ಸಂಪಾದಕತ್ವದಲ್ಲಿ ಪುರಾಣ ಮತ್ತು ಇತಿಹಾಸಗಳ ಮಾಲೆ ಇಂಗ್ಲಿಷಿನಲ್ಲಿ ದೇಶವ್ಯಾಪಿಯಾದದ್ದು ಆ ನಂತರ. ಆದರೆ ಆ ಮಾಲೆ ಮಕ್ಕಳನ್ನು ಉದ್ದೇಶಿಸಿ, ಸಂಶಯಕ್ಕೆ ಎಡೆಗೊಡದೆ ಕಥೆ ಹೇಳಿತು. ಅದನ್ನು ಓದಿ ಬೆಳೆದವರಿಗೆ ಮುಂದೆ ಓದಲು ತಕ್ಕಂಥ, ಪ್ರೌಢರಿಗಾಗಿಯೇ ರಚಿಸಿದ ಚಿತ್ರಕಥೆಯ ಪರಂಪರೆ ಕನ್ನಡದಲ್ಲಿ ಬಲವಾಗಿ ಬೆಳೆಯಲಿಲ್ಲ. ಮಾಯಾವಿಯಿಂದ ‘ರತ್ತ ಪ್ಪಡಲಂ’ವರೆಗೆ ತಮಿಳು ಓದುಗ ಒಂದೊಂದೇ ಮೆಟ್ಟಿಲು ಹತ್ತಿ ಬಂದನು, ಕನ್ನಡ ಓದುಗನಿಗೆ ಮೊದಲ ಮೆಟ್ಟಿಲಾದ ಮೇಲೆ ಇಂಗ್ಲಿಷಿನ ಮನೆಗೇ ನಡೆಯಬೇಕಾಯಿತು.

ಇದನ್ನು ತುಂಬಿಕೊಳ್ಳಲು ದಾರಿಯಿಲ್ಲವೆಂದಲ್ಲ. ಚೆನ್ನೈನಲ್ಲಿಯೇ ಅದರ ಸೂಚನೆಗಳುಂಟು. ಇಲ್ಲಿಯ ಬ್ಲಾಫ್ಟ್ ಪ್ರಕಾಶನ ೨೦೦೮ರಲ್ಲಿ ತಮಿಳಿನ ಅಗ್ಗದ ಪತ್ತೇದಾರಿ ಮತ್ತು ರೋಮಾಂಚಕ ಕಥೆಗಳನ್ನು, ಪ್ರೀತಂ ಕೆ. ಚಕ್ರವರ್ತಿಯವರ ಅನುವಾದದಲ್ಲಿ, ಇಂಗ್ಲಿಷಿಗೆ ತಂದು, ವಿಮರ್ಶಕರು ಕಣ್ಣೆತ್ತಿಯೂ ನೋಡದಿದ್ದ ಸಾಹಿತ್ಯಕ್ಕೆ ಹೊಸ ಓದುಗರನ್ನು ದೊರಕಿಸಿತು. ಅದೇ ಪ್ರಕಾಶನ ೨೦೦೯ರಲ್ಲಿ ಅಪ್ಪುಪೆನ್ ಎಂಬ ಹೆಸರಿನಿಂದ ಬರೆಯುವ ಚಿತ್ರಕಾರರ ‘ಮೂನ್‌ವರ್ಡ್’ ಎಂಬ ಚಿತ್ರಕಾದಂಬರಿಯನ್ನು ಪ್ರಕಟಿಸಿತು. ಅದು ನಡೆಯುವ ಕಲ್ಪಿತ ಲೋಕದ ಹೆಸರು ‘ಹಾಲಾಹಲ’. ಸಮುದ್ರಮಥನದ ಕಥೆ ಬಲ್ಲವರಿಗೆ ಆ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ೨೦೧೧ರಲ್ಲಿ ಚೆನ್ನೈನ ತಾರಾ ಬುಕ್ಸ್ ಹೊರತಂದ ‘ಸೀತಾಸ್ ರಾಮಾಯಣ’ದಲ್ಲಿ ಬಂಗಾಳದ ಪಟಚಿತ್ರ ಸಂಪ್ರದಾಯದ ಮೊಯ್ನಾ ಚಿತ್ರಕಾರ್ ಅವರ ಚಿತ್ರಗಳಿಗೆ ಸಂಹಿತಾ ಅರ್ಣಿ ಅವರು ಕಥೆ ಬರೆದಿದ್ದಾರೆ. ಗೆದ್ದವರ ಯುದ್ಧವನ್ನು ಸೋತವರ ಮತ್ತು ಹೆಂಗಸರ ಕಡೆಯಿಂದ ನೋಡುವ ಆ ಕೃತಿ ಮಕ್ಕಳ ಕೈಯಲ್ಲಿರಬಹುದಾದರೂ ಅದು ಎತ್ತುವ ಪ್ರಶ್ನೆ ದೊಡ್ಡವರದು. ದೇಶೀಯವಾದ ಚಿತ್ರಶೈಲಿಯೂ ದೇಶೀಯವಾದ ಕಥೆಯೂ ಈ ಮಾಧ್ಯಮಕ್ಕೆ ಸಲ್ಲುತ್ತವೆಯೆಂಬುದನ್ನು ಇಂತಹ ಪ್ರಯೋಗಗಳು ತೋರಿಸಿಕೊಟ್ಟಿವೆ.

ಹೊರನಾಡಿನ ಕನ್ನಡ ಕುಟುಂಬಗಳ ದೃಷ್ಟಿಯಿಂದ ಇದು ಬರಿಯ ಸಾಹಿತ್ಯರುಚಿಯ ವಿಷಯವಲ್ಲ. ಶಾಲೆಯಲ್ಲಿ ಕನ್ನಡ ಕಲಿಯಲು ಅವಕಾಶವಿಲ್ಲದ ಮಕ್ಕಳು ಲಿಪಿಯನ್ನು ಬಿಡದೆ ಉಳಿಸಿಕೊಳ್ಳಲು ಚಿತ್ರದ ಆಸರೆಯುಳ್ಳ ಪತ್ರಿಕೆ ಬಹಳ ನೆರವಾಗುತ್ತಿದ್ದಿತು. ಅಕ್ಷರ ತಡವರಿಸಿದ ಕಡೆ ಚಿತ್ರ ಕೈಹಿಡಿದು ನಡೆಸುತ್ತಿದ್ದಿತು. ‘ಚಂದಮಾಮ’ದ ಪ್ರಕಟನೆ ೨೦೧೩ರಲ್ಲಿ ನಿಂತುಹೋದ ಮೇಲೆ ಆ ಆಸರೆಯೂ ಇಲ್ಲವಾಗಿದೆ. ಮನೆಯಲ್ಲಿ ಕನ್ನಡವನ್ನು ಆಡುವ, ಆದರೆ ಓದುವಾಗ ತಡವರಿಸುವ ಚೆನ್ನೈನ ಯುವಜನರಿಗೆ ಪ್ರೌಢವಾದ ವಿಚಾರ ಇಂಗ್ಲಿಷಿನಲ್ಲಿ ಮಾತ್ರ, ಕನ್ನಡದಲ್ಲಿ ಇರುವುದು ಬಾಲಪಾಠ ಮಾತ್ರ ಎಂಬ ಭಾವನೆ ಬೇರೂರಿದರೆ, ಅವರು ಭಾಷೆಯನ್ನು ಅಡುಗೆಮನೆಯ ಮಾತಾಗಿ ಮಾತ್ರ ಉಳಿಸಿಕೊಂಡಾರು. ಕೊಲೆಯ ಪಾಪ ಯಾರಿಗೆ, ಬಲ್ಲವನು ಸುಮ್ಮನಿರಬಹುದೆ ಎಂಬ ಪ್ರಶ್ನೆಗಳನ್ನು ಅವರು ಮೂರ್ ಮತ್ತು ಗಿಬ್ಬನ್ಸರಿಂದ ಕಲಿಯುವುದು ಒಳ್ಳೆಯದೇ. ಅವೇ ಪ್ರಶ್ನೆಗಳನ್ನು ಜನ್ನನೂ ಬೇತಾಳನೂ ಕೇಳಿದ್ದರೆಂಬುದನ್ನು ಅವರ ಕಣ್ಣಿಗೆ ಕಾಣುವಂತೆ ಮಾಡಬೇಕಾದ ಹೊಣೆ ಕನ್ನಡದ ಕಥೆಗಾರರದೂ ಚಿತ್ರಕಾರರದೂ ಆಗಿದೆ. ಹೊರನಾಡಿನ ಸಂಘಗಳು ಇಂತಹ ಒಂದು ಪುಸ್ತಕದ ಮುದ್ರಣಕ್ಕೆ ನೆರವಾದರೂ ಅದು ಸಾರ್ಥಕವಾದ ಕೆಲಸವಾಗುವುದು. ಶಂಕರರು ಬರೆದ ಅರಸ ಹೆಣವನ್ನು ಹೊತ್ತು ಅರ್ಧ ಶತಮಾನಕ್ಕೂ ಹೆಚ್ಚುಕಾಲ ಕನ್ನಡದ ಪುಟಗಳಲ್ಲಿ ನಡೆದನು. ಅವನ ನಡೆಗೆ ತಕ್ಕ ಪ್ರೌಢ ಕೃತಿಯೊಂದು ಕನ್ನಡದಲ್ಲಿ ಇನ್ನು ಹುಟ್ಟಬೇಕಾಗಿದೆ.